ಬಿಗಿ ಹಗ್ಗದ ಮೇಲೆ ಕೌಂಟರಕ್ಕ

ಆ ಕನ್ನಡಕದ ಅಂಗಡಿಗೆ ಇದ್ದದ್ದು ಎರಡೇ ಕೋಣೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಅಣ್ಣ ಕೂತು ಬಂದವರ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ತಮ್ಮ ಕೂತು ಗಾಜು ಉಜ್ಜಿ, ಫ್ರೇಮಿನ ಆಕಾರಕ್ಕೆ ಕತ್ತರಿಸಿ ಕೂರಿಸುತ್ತಿದ್ದರು. ಎರಡರ ನಡುವೆ ಒಂದು ಬಾಗಿಲು, ಬಾಗಿಲ ಪಕ್ಕದಲ್ಲೇ ಗಾಜಿನ ಕೌಂಟರು. ಆ ಕೌಂಟರಿನ ಹಿಂದೆ ನಿಂತು ಗಿರಾಕಿಗಳ ಮೂಗಿಗೆ, ಕಿವಿಗೆ ಹೊಂದುವ ಹಾಗೆ ಕನ್ನಡಕ ಬಗ್ಗಿಸಿ, ಸಣ್ಣ ತಿರುಪು ಬಿಗಿದು ಕೊಡುತ್ತಿದ್ದವಳನ್ನು ಎಲ್ಲರೂ ಕೌಂಟರಕ್ಕ ಎಂದೇ ಕರೆಯುತ್ತಿದ್ದರು.

ವಯಸ್ಸಿನಲ್ಲಿ ಅವಳು ಅಣ್ಣನಿಗಿಂತ ಚಿಕ್ಕವಳು, ತಮ್ಮನಿಗಿಂತ ದೊಡ್ಡವಳು. ಹಾಗಾಗಿ ನೆಂಟಸ್ತಿಕೆಯೇನೂ ಇಲ್ಲದಿದ್ದರೂ ಮುಂದಿನ ಕೋಣೆಗೆ ಅವಳು ತಂಗಿ, ಹಿಂದಿನ ಕೋಣೆಗೆ ಅಕ್ಕ. ಅವಳು ಮಾತ್ರ ಇಬ್ಬರಿಗೂ ಸಮನಾಗಿ ಮರ್ಯಾದೆ ಕೊಟ್ಟು ದೊಡ್ಡಣ್ಣ, ಚಿಕ್ಕಣ್ಣ ಅನ್ನುತ್ತಿದ್ದಳು. ಸಮನಾಗಿ ಅನ್ನುವ ಮಾತು ಅವಳಿಗೆ ಬಹಳ ಮುಖ್ಯ. ಯಾಕೆಂದರೆ ಆ ಅಣ್ಣತಮ್ಮಂದಿರು ಒಂದೇ ಸೂರಿನಡಿ ದುಡಿಯುತ್ತಿದ್ದರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಕಾರಣ ಕೇಳಿದರೆ ಹೊರಗಿನವರಿಗೆ ನಗು ಬರಬಹುದು. ಅವರ ಅಪ್ಪ ಕಾಲಿನಲ್ಲಿ ತುಳಿದು ಗಾಜು ಉಜ್ಜುತ್ತಿದ್ದ ಒಂದು ಹಳೆಯ ಯಂತ್ರವಿತ್ತು. ಚಿಕ್ಕಣ್ಣ ಕೆಲಸ ಕಲಿತದ್ದು ಅದರ ಮೇಲೆಯೇ, ಅಪ್ಪನ ಕೈ ತನ್ನ ಕೈಯ ಮೇಲಿರುವಾಗ. ಮೊದಲ ಮಗು ಹುಟ್ಟಿತೆಂದು ಅವರು ಹೆಂಡತಿಯ ತವರಿಗೆ ಹೋಗಿದ್ದಾಗ ದೊಡ್ಡಣ್ಣ ಆ ಯಂತ್ರ ತೆಗೆಸಿ, ವಿದ್ಯುತ್ತಿನಲ್ಲಿ ನಡೆಯುವ ಹೊಸದೊಂದನ್ನು ತಂದು ಇಟ್ಟರು. ತಮ್ಮ ವಾಪಸು ಬಂದು ಮೂಲೆ ನೋಡಿದರು.

"ಅಪ್ಪನ ಮೆಷೀನೆಲ್ಲಿ?"

"ಗುಜರಿಗೆ ಹಾಕಿದೆ. ಇಟ್ಕೊಂಡು ಪೂಜೆ ಮಾಡ್ಬೇಕಿತ್ತಾ?"

ಅಷ್ಟೇ. ತಮ್ಮ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳ್ಳೆಯದಕ್ಕೆ ಮಾಡಿದರೆ ಇವನ ಗತ್ತು ನೋಡು ಎಂದು ಅಣ್ಣ ಮುಖ ಊದಿಸಿಕೊಂಡರು. ಬಾಗಿಲು ಮಾರನೆಯ ದಿನವೇ ತೆರೆಯಿತು, ಬಾಯಿ ತೆರೆಯಲಿಲ್ಲ.

ಆದರೆ ಅಂಗಡಿ ನಡೆಯಬೇಕಲ್ಲ! ಮುಂದೆ ಬರೆದ ಚೀಟಿ ಹಿಂದೆ ಹೋಗಬೇಕು, ಹಿಂದೆ ತಯಾರಾದದ್ದು ಮುಂದೆ ಬರಬೇಕು. ಚೀಟಿಯ ಜೊತೆ ಮಾತೂ ಹೋಗಬೇಕು. ಅದಕ್ಕೆ ಇದ್ದವಳು ಕೌಂಟರಕ್ಕ ಒಬ್ಬಳೇ.

"ತಂಗೀ," ಎಂದು ದೊಡ್ಡಣ್ಣ ಬಾಗಿಲಿಗೆ ಕೇಳಿಸುವಷ್ಟು ಜೋರಾಗಿ ಶುರು ಮಾಡುವರು, "ಒಳಗಿರೋ ಮಹಾಶಯನಿಗೆ ಹೇಳು. ಟೀಚರಮ್ಮನ ಕನ್ನಡಕ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗಿ ಮಲಗೋದು ವಾಸಿ ಅಂತ."

ಅವಳು ಒಳಗೆ ಹೋಗಿ ಹೇಳುವಳು: "ಚಿಕ್ಕಣ್ಣ, ಟೀಚರಮ್ಮಂದು ಸಂಜೆಗೆ ಆಗತ್ತಾ ಅಂತ ಕೇಳಿದ್ರು. ಕಷ್ಟ ಆದ್ರೆ ಹೇಳಿ, ಅವರಿಗೆ ಸಮಾಧಾನ ಮಾಡಿ ಕಳಿಸ್ತಾರಂತೆ."

"ಮೊದಲು ನೆಟ್ಟಗೆ ಬರೆಯೋಕೆ ಹೇಳಿ ಆ ದೊಡ್ಡ ಮನುಷ್ಯಂಗೆ. ಕೋಳಿ ಕೆರೆದ ಹಾಗಿದೆ. ಇದು ಮೂರೋ ಎಂಟೋ ದೇವರೇ ಬಲ್ಲ."

ಅವಳು ಹೊರಗೆ ಬಂದು ಹೇಳುವಳು: "ದೊಡ್ಡಣ್ಣ, ಈ ಅಂಕಿ ಒಂದ್ಸಲ ನೋಡ್ಬೇಕಂತೆ. ನೀವು ಅಷ್ಟು ಕಷ್ಟಪಟ್ಟು ಪರೀಕ್ಷೆ ಮಾಡಿರೋದು, ತಾನು ತಪ್ಪಾಗಿ ಓದಿಬಿಟ್ರೆ ಅಂತ ಅವರಿಗೆ ಭಯ."

ಬಾಗಿಲು ದಾಟುವಷ್ಟರಲ್ಲಿ ಅವಳು ಮಾತಿಗೆ ಮುಖ ತೊಳೆಸಿ, ತಲೆ ಬಾಚಿ, ಒಗೆದ ಬಟ್ಟೆ ತೊಡಿಸಿಬಿಡುತ್ತಿದ್ದಳು. ಮೊದಮೊದಲು ಜಗಳ ಆಗದಿರಲಿ ಎಂದಷ್ಟೇ ಹಾಗೆ ಮಾಡಿದ್ದು. ಆಮೇಲಾಮೇಲೆ ಕೈ ಪಳಗಿತು. ಯಾರೂ ಆಡದ ಮಾತುಗಳನ್ನೂ ತಾನೇ ಹುಟ್ಟಿಸಿ ದಾಟಿಸತೊಡಗಿದಳು. ಬಿಸಿಲು ಸುಡುತ್ತಿದ್ದ ಮಧ್ಯಾಹ್ನ ದೊಡ್ಡಣ್ಣ ಬ್ಯಾಂಕಿಗೆ ಹೊರಟರೆ, "ಛತ್ರಿ ತಗೊಂಡು ಹೋಗ್ಬೇಕಂತೆ, ಚಿಕ್ಕಣ್ಣ ಹೇಳಿದ್ರು," ಅನ್ನುವಳು. ಚಿಕ್ಕಣ್ಣ ಕೆಲಸದ ಗುಂಗಿನಲ್ಲಿ ಹೊತ್ತು ಮರೆತರೆ, "ಊಟದ ಹೊತ್ತು ಮೀರಿಸ್ಬೇಡ ಅಂದ್ರು ದೊಡ್ಡಣ್ಣ," ಅನ್ನುವಳು. ಇಬ್ಬರೂ 'ಹೂಂ' ಎನ್ನದೆ, 'ಊಹೂಂ' ಎನ್ನದೆ ಹೇಳಿದ ಹಾಗೆ ಮಾಡುತ್ತಿದ್ದರು.

ಆದರೂ ಅದು ಸುಲಭದ ಕೆಲಸವಲ್ಲ. ಹಿಂದಿನ ಕೋಣೆಯಲ್ಲಿ ಅವಳು ಸ್ವಲ್ಪ ಜೋರಾಗಿ ನಕ್ಕರೆ ಮುಂದಿನ ಕೋಣೆಯಲ್ಲಿ ಕೆಮ್ಮು ಶುರುವಾಗುತ್ತಿತ್ತು. ಚಹಾ ಮೊದಲು ಯಾರಿಗೆ ಕೊಡುವುದು ಎಂಬುದೇ ಒಂದು ತಲೆನೋವು. ಇವತ್ತು ಮುಂದೆ ಮೊದಲಾದರೆ ನಾಳೆ ಹಿಂದೆ ಮೊದಲು. "ನೀನೇ ಹೇಳು ತಂಗೀ, ತಪ್ಪು ಯಾರದು?" ಎಂದು ದೊಡ್ಡಣ್ಣ ಕೇಳಿದಾಗ ಅವಳಿಗೆ ಎಲ್ಲಿಲ್ಲದ ತಿರುಪು ಬಿಗಿಯುವ ಕೆಲಸ ನೆನಪಾಗುತ್ತಿತ್ತು.

ಅವಳ ಗಂಡ ಬಸ್ ಡ್ರೈವರು. ದಿನದ ಕೊನೆಗೆ ಅವಳು ಕಥೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಂದು ಭಾನುವಾರ ಪೇಪರು ಓದುತ್ತ, "ನೋಡೇ, ಇಲ್ಲಿ ಮಂತ್ರಿ ಬಗ್ಗೆ ಬರೆದಿದಾರೆ, 'ಹಗ್ಗದ ಮೇಲಿನ ನಡಿಗೆ' ಅಂತ. ಇದನ್ನ ನಿನ್ನ ಬಗ್ಗೆ ಬರೀಬೇಕಿತ್ತು. ಆ ಕಡೆ ವಾಲಿದ್ರೆ ಅಣ್ಣ, ಈ ಕಡೆ ವಾಲಿದ್ರೆ ತಮ್ಮ," ಎಂದ.

ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತಿದರು. ಅವರು ಮದುವೆಗೆ ಮುಂಚೆ ಒಂದು ಸಣ್ಣ ಸರ್ಕಸ್ ಕಂಪನಿಯಲ್ಲಿ ಆಟದವರ ಬಟ್ಟೆ ಹೊಲಿಯುತ್ತಿದ್ದವರು. "ಪೇಪರಿನೋರು ಬರೀತಾರೆ, ಹಗ್ಗ ಕಣ್ಣಲ್ಲಿ ನೋಡಿರ್ತಾರೋ ಇಲ್ವೋ," ಎಂದರು. "ನಮ್ಮ ಕಂಪನೀಲಿ ಹಗ್ಗದ ಮೇಲೆ ನಡಿಯೋ ಹುಡುಗಿ ಒಬ್ಳಿದ್ಲು. ಅಷ್ಟು ಎತ್ತರದಲ್ಲಿ ಭಯ ಆಗಲ್ವೇನೇ ಅಂದೆ. ಎತ್ತರಕ್ಕೇನು ಭಯ ಅಕ್ಕಾ, ಹಗ್ಗ ಸಡಿಲ ಆದ್ರೆ ಮಾತ್ರ ಭಯ ಅಂದ್ಲು. ಎರಡೂ ಕಡೆಯಿಂದ ಗಟ್ಟಿಯಾಗಿ ಎಳೆದು ಕಟ್ಟಿದ್ರೆ ಅದೂ ಒಂದು ದಾರೀನೇ ಅಂತೆ."

"ಅಂದ್ರೆ?" ಎಂದಳು ಸೊಸೆ.

"ಅಂದ್ರೆ, ನಿಮ್ಮ ಅಂಗಡಿ ಯಜಮಾನರುಗಳು ಬೈಕೊಂಡಿರೋವರೆಗೂ ಏನೂ ಆಗಲ್ಲ. ಎಳೀತಿದಾರೆ ಅಂದ್ರೆ ಇನ್ನೂ ಹಿಡ್ಕೊಂಡಿದಾರೆ ಅಂತ. ಒಬ್ಬರು ಬೈಯೋದು ನಿಲ್ಲಿಸಿದ ದಿನ ಬಂದು ನಂಗೆ ಹೇಳು."

ಅತ್ತೆಯ ಮಾತಿಗೆ ಗಂಡ ಹೆಂಡತಿ ಇಬ್ಬರೂ ನಕ್ಕು ಸುಮ್ಮನಾದರು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಚಿಕ್ಕಣ್ಣ ಕರೆದರು. "ಅಕ್ಕ, ಸ್ವಲ್ಪ ಒಳಗೆ ಬನ್ನಿ. ಕೂತ್ಕೊಳ್ಳಿ." ಆ ಕೋಣೆಯಲ್ಲಿ ಇದ್ದದ್ದು ಒಂದೇ ಸ್ಟೂಲು. ಅದನ್ನು ಬಟ್ಟೆಯಿಂದ ಒರೆಸಿ ಅವಳ ಕಡೆಗೆ ಸರಿಸಿ, ತಾವು ಯಂತ್ರಕ್ಕೆ ಒರಗಿ ನಿಂತರು. ಬೇರೆ ಊರಿನ ಲೆನ್ಸ್ ಕಾರ್ಖಾನೆಯೊಂದರಲ್ಲಿ ಉಜ್ಜುವ ವಿಭಾಗ ನೋಡಿಕೊಳ್ಳಲು ಕರೆ ಬಂದಿದೆ, ಒಪ್ಪಿಕೊಂಡಿದ್ದೇನೆ, ತಿಂಗಳ ಕೊನೆಗೆ ಸಂಸಾರ ಸಮೇತ ಹೊರಡುತ್ತೇನೆ ಎಂದರು.

"ಅಣ್ಣಂಗೆ ನೀವೇ ಹೇಳ್ಬಿಡಿ ಅಕ್ಕ. ಅವರಿಗೂ ನೆಮ್ಮದಿ. ನಂಗೇನೂ ಅವರ ಮೇಲೆ ಕೋಪ ಇಲ್ಲ."

ಇಷ್ಟು ವರ್ಷ 'ಆ ದೊಡ್ಡ ಮನುಷ್ಯ' ಎಂದವರು ಇವತ್ತು 'ಅಣ್ಣ' ಅಂದರು. ದನಿಯಲ್ಲಿ ಖಾರವಿಲ್ಲ, ವ್ಯಂಗ್ಯವಿಲ್ಲ. ಬೇರೆ ಯಾರದೋ ಮನೆಯ ಹಿರಿಯರ ಬಗ್ಗೆ ಹೇಳಿದ ಹಾಗಿತ್ತು.

ಅವಳು ಹೊರಗೆ ಬಂದಳು. ದೊಡ್ಡಣ್ಣ ಒಬ್ಬ ಮುದುಕರ ಕಣ್ಣಿನ ಮುಂದೆ ಗಾಜು ಬದಲಿಸುತ್ತ, "ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ?" ಎಂದು ಕೇಳುತ್ತಿದ್ದರು. ಮುದುಕರು ಎರಡೂ ಚೆನ್ನಾಗಿದೆ ಅನ್ನುತ್ತಿದ್ದರು. ದೊಡ್ಡಣ್ಣ ಅವಳತ್ತ ತಿರುಗಿ ಹುಬ್ಬು ಹಾರಿಸಿದರು.

"ಏನಂತೆ ಮಹಾಶಯಂದು?"

"ಏನಿಲ್ಲ," ಎಂದಳು. ಆ ಮಾತಿಗೆ ಯಾವ ಬಟ್ಟೆ ತೊಡಿಸಬೇಕೋ ಅವಳಿಗೆ ಹೊಳೆಯಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತಳು. ಎಲ್ಲ ಕೇಳಿದ ಮೇಲೆ ಅತ್ತೆ, "ಒಂದು ಕಡೆ ಕೈಬಿಟ್ರು ಅಂತಾಯ್ತು. ಇನ್ನು ಮಧ್ಯದಲ್ಲಿ ನಿಂತಿರ್ಬೇಡ, ಇಳಿದುಬಿಡು. ಅವರವರೇ ಮಾತಾಡ್ಕೊಳ್ಳಿ," ಎಂದರು.

"ಮಾತಾಡಿದ್ರೆ ನಾನು ಹೇಳಿದ ಸುಳ್ಳೆಲ್ಲ ಬಯಲಾಗತ್ತೆ ಅತ್ತೆ. ಒಂದಾ ಎರಡಾ!"

"ಆಗ್ಲಿ. ಬೈದ್ರೆ ಬೈಸ್ಕೊಂಡು ಬಾ. ಯಾರ ಮನೇನೂ ಮುರಿದಿಲ್ಲ ನೀನು. ಎರಡು ಒಳ್ಳೆ ಮಾತು ಜಾಸ್ತಿ ಹೇಳಿದೀಯ, ಅಷ್ಟೇ ತಾನೇ?"

"ಕೆಲಸ ಹೋದ್ರೆ?"

"ಹೋದ್ರೆ ದಿನಾ ನನ್ನ ಬಸ್ಸಲ್ಲಿ ಕೂತ್ಕೊಂಡು ಊರು ಸುತ್ತು," ಎಂದ ಗಂಡ ಒಳಗಿನಿಂದ. "ಕಿಟಕಿ ಪಕ್ಕದ ಸೀಟು ಕೊಡಿಸೋ ಜವಾಬ್ದಾರಿ ನಂದು."

ಮಾರನೆಯ ದಿನ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆಯೇ ಅವಳು ಹಿಂದಿನ ಕೋಣೆಗೆ ಹೋದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಳು.

"ಚಿಕ್ಕಣ್ಣ, ಆ ಮಾತು ನಾನು ಒಯ್ಯಲ್ಲ. ನೀವೇ ಹೇಳ್ಬೇಕು."

"ಯಾಕಕ್ಕ? ಇಷ್ಟು ದಿನ ಎಲ್ಲ ನೀವೇ ಅಲ್ವಾ ಹೇಳಿದ್ದು?"

"ಬೇರೆ ಮಾತಿಗೆಲ್ಲ ಏನು ಸೇರಿಸ್ಬೇಕು ಅಂತ ಗೊತ್ತಾಗ್ತಿತ್ತು. ಇದಕ್ಕೆ ಗೊತ್ತಾಗ್ಲಿಲ್ಲ."

"ಸೇರಿಸೋದಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಹೊರಗೆ ಬಂದು ದೊಡ್ಡಣ್ಣನ ಮುಂದೆ ನಿಂತಳು.

"ದೊಡ್ಡಣ್ಣ, ಚಿಕ್ಕಣ್ಣ ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ಹೇಳು, ಏನಂತೆ?"

"ನಂಗೊತ್ತಿಲ್ಲ."

"ನಿಂಗೊತ್ತಿಲ್ಲದ ಮಾತು ಈ ಅಂಗಡೀಲಿ ಯಾವುದಿದೆ?"

"ಗೊತ್ತು ದೊಡ್ಡಣ್ಣ. ಆದ್ರೆ ಹೇಳಲ್ಲ."

ದೊಡ್ಡಣ್ಣ ಅವಳ ಮುಖವನ್ನೇ ನೋಡಿದರು. ಕೇಳಿದ್ದಕ್ಕೆ ಅವಳು ಇಲ್ಲ ಎಂದದ್ದು ಅದೇ ಮೊದಲು. ನೋಡನೋಡುತ್ತ ಅವರ ಮುಖದ ಬಣ್ಣ ಇಳಿಯಿತು. "ಯಾಕೆ? ಅವನಿಗೆ ಹುಷಾರಿಲ್ವಾ? ಡಾಕ್ಟರು ಏನಾದ್ರೂ ಅಂದ್ರಾ?" ಎನ್ನುತ್ತ ಎದ್ದ ರಭಸಕ್ಕೆ ಅವರ ಸ್ಟೂಲು ಮಗುಚಿ ಬಿತ್ತು. ಬಾಗಿಲವರೆಗೆ ಧಡಧಡನೆ ನಡೆದವರು ಹೊಸ್ತಿಲಲ್ಲಿ ತಟಕ್ಕನೆ ನಿಂತರು. ಅದನ್ನು ದಾಟಿ ಎಷ್ಟೋ ಕಾಲವಾಗಿತ್ತು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿಟ್ಟು, ಮತ್ತೆ ಒಳಗೆ ಕಾಲಿಟ್ಟರು.

"ಏನಾಯ್ತೋ ನಿಂಗೆ?"

ಕೌಂಟರಕ್ಕ ಬೀದಿ ಬಾಗಿಲಿನ ಬೋರ್ಡನ್ನು 'ಮುಚ್ಚಿದೆ' ಎಂಬ ಕಡೆಗೆ ತಿರುಗಿಸಿ, ಬಿದ್ದ ಸ್ಟೂಲು ಎತ್ತಿಟ್ಟು, ಒರೆಸಿಟ್ಟ ಫ್ರೇಮುಗಳನ್ನೇ ಮತ್ತೆ ಒರೆಸತೊಡಗಿದಳು. ಕಿವಿಯೆಲ್ಲ ಒಳಗೆ.

ಚಿಕ್ಕಣ್ಣ ವಿಷಯ ಹೇಳಿದರು. ಆಮೇಲೆ ದೊಡ್ಡಣ್ಣನ ದನಿ. "ಹೋಗು. ಯಾರು ಹಿಡ್ಕೊಂಡಿದಾರೆ ನಿನ್ನ?"

"ಯಾರೂ ಹಿಡ್ಕೊಂಡಿಲ್ಲ. ಅದಕ್ಕೇ ಹೋಗ್ತಿರೋದು."

"ಅದಕ್ಕೇ ಅಂದ್ರೆ? ಏನೋ ಹಾಗಂದ್ರೆ?"

"ಅಪ್ಪನ ಮೆಷೀನು ಎತ್ತಿ ಹಾಕೋ ಮುಂಚೆ ಒಂದು ಫೋನ್ ಮಾಡೋಕಾಗ್ಲಿಲ್ಲ ನಿಂಗೆ. ನನ್ನನ್ನ ಯಾಕೆ ಹಿಡ್ಕೋತೀಯ?"

ಅಲ್ಲಿಂದ ಶುರುವಾಯಿತು. ಅಣ್ಣನ ದನಿ ಏರಿತು, ತಮ್ಮನ ದನಿ ಅದರ ಮೇಲೆ ಏರಿತು. ಎಂಥೆಂಥ ಮಾತು! ಒಂದಕ್ಕೂ ಮುಖ ತೊಳೆದಿರಲಿಲ್ಲ.

"ಹೊಸ ಮೆಷೀನು ನೋಡಿ ನೀನು ಕುಣೀತೀಯ ಅಂದ್ಕೊಂಡಿದ್ದೆ ಕಣೋ! ಕಾಲು ನೋವು ಅಂತಿದ್ದೆ ನೀನು, ಮರೆತುಹೋಯ್ತಾ? ಮಗು ಮುಖ ನೋಡ್ಕೊಂಡು ಖುಷಿಯಾಗಿ ಬರ್ತಾನೆ, ಅದರ ಜೊತೆ ಇದೂ ಒಂದು ಖುಷಿ ಆಗ್ಲಿ ಅಂತ ತಂದಿಟ್ಟೆ. ನೀನು ಬಂದೋನು ಹೆಣ ನೋಡಿದ ಹಾಗೆ ಮುಖ ಮಾಡಿದೆ. ನಂಗೆ ಹೊಟ್ಟೆ ಉರೀತು. ಬಾಯಿಗೆ ಬಂದಿದ್ದು ಅಂದೆ."

ಒಳಗೆ ಸ್ಟೂಲು ಸರಿದ ಸದ್ದು.

"ಮಾರನೇ ದಿನ ಬೆಳಿಗ್ಗೇನೇ ಗುಜರಿಯವನ ಹತ್ರ ಓಡಿದೆ," ಎಂದರು ದೊಡ್ಡಣ್ಣ. ಈಗ ದನಿ ತಗ್ಗಿತ್ತು. "ಅಷ್ಟರಲ್ಲಿ ಎಲ್ಲ ಬಿಚ್ಚಿ ರಾಶಿ ಹಾಕಿದ್ದ. ಯಾವುದು ನಮ್ಮದು ಅಂತ ಗುರುತು ಹಿಡಿಯೋಕೂ ಆಗ್ಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ."

ಫ್ರೇಮು ಒರೆಸುತ್ತಿದ್ದ ಕೈ ನಿಂತಿತು. ಇದು ಅವಳಿಗೂ ಗೊತ್ತಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ತಮ್ಮನ ದನಿ ಒಡೆದಿತ್ತು. "ಅಕ್ಕನ ಹತ್ರನಾದ್ರೂ ಹೇಳಿ ಕಳಿಸ್ಬಹುದಿತ್ತಲ್ಲ?"

"ಅಂಥ ಮಾತು ಇನ್ನೊಬ್ಬರ ಕೈಲಿ ಹೇಗೋ ಕಳಿಸೋದು?"

ಯಾರೋ ಮೂಗು ಒರೆಸಿಕೊಂಡ ಸದ್ದು. ಅವಳೂ ಸೆರಗು ಕಣ್ಣಿಗೊತ್ತಿಕೊಂಡಳು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ತಮ್ಮ ಬಾಯಿಬಿಟ್ಟರು.

"ಬೇರೆ ಎಲ್ಲದಕ್ಕೂ ಹೇಳಿ ಕಳಿಸ್ತಿದ್ಯಲ್ಲ ಮತ್ತೆ. ಊಟದ ಹೊತ್ತು ಮೀರಿಸ್ಬೇಡ ಅಂತ, ಮಗೂಗೆ ಜ್ವರ ಬಂದಾಗ ಇವತ್ತು ಬೇಗ ಮನೆಗೆ ಹೋಗು ಅಂತ..."

"ನಾನಾ?"

ಕೌಂಟರಕ್ಕನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ತಂಗೀ!" "ಅಕ್ಕಾ!" ಎರಡು ದನಿ ಒಟ್ಟಿಗೇ ಬಂದವು.

ಅವಳು ಹೋಗಿ ಬಾಗಿಲಲ್ಲಿ ನಿಂತಳು. ತಲೆ ತಗ್ಗಿಸಿಕೊಂಡೇ, "ಕೆಲವು ಮಾತು ನಂದೇ. ಕೆಲವು ಅಂದ್ರೆ... ಒಳ್ಳೇದೆಲ್ಲ ನಂದೇ," ಎಂದಳು. "ಬೈಯೋದೆಲ್ಲ ನಿಮ್ಮದು, ಅದನ್ನ ಅರ್ಧ ದಾರೀಲೇ ಬಿಟ್ಟುಬಿಡ್ತಿದ್ದೆ. ತಪ್ಪಾಯ್ತು."

ಯಾರೂ ಬೈಯಲಿಲ್ಲ. ಅವಳು ಮೆಲ್ಲಗೆ ಕಣ್ಣೆತ್ತಿದಾಗ ದೊಡ್ಡಣ್ಣನ ಹೊಟ್ಟೆ ಕುಲುಕುತ್ತಿತ್ತು. ಅವರು ನಗುತ್ತಿದ್ದರು.

"ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ ತಂಗೀ? ಇವನು ಹುಟ್ಟಿದಾಗಿಂದ ನೋಡಿದೀನಿ. ಅಣ್ಣ ಛತ್ರಿ ತಗೊಂಡು ಹೋಗ್ಲಿ ಅಂತ ಇವನ ಬಾಯಲ್ಲಿ ಈ ಜನ್ಮದಲ್ಲಿ ಬರತ್ತಾ? ಮೊದಲನೇ ದಿನಾನೇ ಗೊತ್ತಾಯ್ತು, ಇದು ನಿಂದೇ ಅಂತ."

"ಮತ್ತೆ ಛತ್ರಿ ತಗೊಂಡು ಹೋಗ್ತಿದ್ರಲ್ಲ?"

"ತಗೊಂಡು ಹೋಗ್ತಿದ್ದೆ," ಎಂದರು ದೊಡ್ಡಣ್ಣ. ನಗು ನಿಂತಿತ್ತು. "ಅವನೇ ಹೇಳಿದ್ದು ಅಂದ್ಕೊಂಡು ಹೋಗೋಕೆ ಚೆನ್ನಾಗಿರ್ತಿತ್ತು."

ಚಿಕ್ಕಣ್ಣ ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಗೀಚುತ್ತಿದ್ದರು. "ನಂಗೂ ಗೊತ್ತಿತ್ತು ಅಕ್ಕ. ಪೂರ್ತಿ ಅಲ್ಲ, ಅರ್ಧ ನಂಬ್ತಿದ್ದೆ. ಎಷ್ಟೋ ಸಲ ಸಾಕಪ್ಪಾ ಈ ಅಂಗಡಿ, ನಾಳೆಯಿಂದ ಬರಲ್ಲ ಅಂದ್ಕೊಂಡಿದೀನಿ. ಅಷ್ಟರಲ್ಲಿ ನೀವು ಬಂದು ಏನೋ ಒಂದು ಹೇಳ್ತಿದ್ರಿ. ನೀವಿಲ್ದೇ ಇದ್ರೆ ನಾವಿಬ್ರೂ ಯಾವತ್ತೋ ದಿಕ್ಕಾಪಾಲಾಗ್ತಿದ್ವಿ."

"ನಿನ್ನ ಋಣ ಹೇಗಮ್ಮಾ ತೀರಿಸೋದು ನಾವು?" ಎಂದರು ದೊಡ್ಡಣ್ಣ.

ಅವಳಿಗೆ ಅಳು ತಡೆಯಲಾಗಲಿಲ್ಲ. ರಾತ್ರಿಯೆಲ್ಲ ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದವಳು ಇದಕ್ಕೆ ತಯಾರಾಗಿರಲಿಲ್ಲ. ಬೀದಿ ಬಾಗಿಲನ್ನು ಯಾರೋ ತಟ್ಟತೊಡಗಿದ್ದರಿಂದ ಮೂವರೂ ಬಚಾವಾದರು. ಹಿಂದಿನ ದಿನದ ಮುದುಕರು. ಯೋಚನೆ ಮಾಡಿ ನೋಡಿದರಂತೆ, ಎರಡನೆಯ ಗಾಜೇ ಚೆನ್ನಾಗಿತ್ತಂತೆ.

ಚಿಕ್ಕಣ್ಣ ಕಾರ್ಖಾನೆಗೆ ಮಾತು ಕೊಟ್ಟಾಗಿತ್ತು, ಕೆಲಸವೂ ಒಳ್ಳೆಯದು. ಹೋಗುವುದೇ ಸರಿ ಎಂದು ಕೊನೆಗೆ ದೊಡ್ಡಣ್ಣನೇ ಅಂದರು. ಅನ್ನುವ ಮುಂಚೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಎಂದು ಅವರ ಹೆಂಡತಿ ಬಂದು ಕೌಂಟರಿನಲ್ಲಿ ಹೇಳಿ ಹೋದರು. ಆಮೇಲೆ ದೊಡ್ಡಣ್ಣ ತಾವೇ ಓಡಾಡಿ ಹೊಸ ಕೆಲಸಗಾರನನ್ನು ಹುಡುಕಿದರು. ಚಿಕ್ಕಣ್ಣ ಅವನಿಗೆ ಕೆಲಸ ತೋರಿಸಿಕೊಡುತ್ತಿದ್ದರು. ಬಾಗಿಲು ಈಗ ಹಗಲೆಲ್ಲ ಹಾರು ಹೊಡೆದಿರುತ್ತಿತ್ತು. ಅಣ್ಣತಮ್ಮಂದಿರು ಕೂತಲ್ಲಿಂದಲೇ ಕೂಗಿ ಮಾತಾಡುತ್ತಿದ್ದರು, ಕೂಗಿ ಜಗಳವಾಡುತ್ತಿದ್ದರು. ಮಾತುಗಳು ಅವಳ ತಲೆಯ ಮೇಲಿಂದ ಹಾರಿಹೋಗುತ್ತಿದ್ದವು. ಮಧ್ಯೆ ಅಭ್ಯಾಸಬಲದಿಂದ ಅವಳು ಎದ್ದರೆ, "ನೀನು ಕೂತ್ಕೋ ತಂಗೀ, ಅವನಿಗೆ ಕೇಳಿಸಿದೆ," ಅನ್ನುವರು ದೊಡ್ಡಣ್ಣ.

ಚಿಕ್ಕಣ್ಣ ಹೊರಡುವ ವಾರ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ದೊಡ್ಡಣ್ಣ ಪರೀಕ್ಷೆಯ ಕುರ್ಚಿ ತೋರಿಸಿ, "ಬಾ ಇಲ್ಲಿ, ಕೂತ್ಕೋ," ಎಂದರು.

"ನಾನಾ? ನಂಗೇನಾಗಿದೆ?"

"ಚೀಟೀನ ಮಾರು ದೂರ ಹಿಡ್ಕೊಂಡು ಓದ್ತೀಯ. ಇನ್ನು ಸ್ವಲ್ಪ ದಿನ ಬಿಟ್ರೆ ಕೈ ಸಾಲಲ್ಲ. ನೋಡಿ ನೋಡಿ ಸಾಕಾಗಿದೆ."

"ನಾನೂ ನೋಡಿದೀನಿ," ಎಂದರು ಚಿಕ್ಕಣ್ಣ ಒಳಗಿನಿಂದ. "ತಿರುಪು ಹಾಕೋವಾಗ ತಡಕಾಡ್ತಾರೆ."

"ಇಬ್ಬರಿಗೂ ಗೊತ್ತಿದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು?" ಎಂದರು ದೊಡ್ಡಣ್ಣ. "ನಾನು ನೋಡ್ಬೇಕು, ಅವನು ಮಾಡ್ಬೇಕು. ನಿನ್ನ ಕಣ್ಣಿನ ವಿಷಯ ಅವನಿಗೆ ನಿನ್ನ ಕೈಲೇ ಹೇಳಿ ಕಳಿಸ್ಬೇಕಿತ್ತಲ್ಲ! ಹೇಳಿದ್ರೂ ನೀನು ಅರ್ಧ ದಾರೀಲೇ ಬಿಟ್ಟುಬಿಡ್ತಿದ್ದೆ."

ದೊಡ್ಡಣ್ಣ ಪರೀಕ್ಷೆ ಮಾಡಿದರು. ಅಂಕಿಗಳನ್ನು ಮುತ್ತು ಪೋಣಿಸಿದ ಹಾಗೆ ಬರೆದರು. ಚೀಟಿಯನ್ನು ತಾವೇ ಎದ್ದು ಒಳಗೆ ಕೊಟ್ಟು ಬಂದರು. ಫ್ರೇಮು ಆರಿಸುವಾಗ ಮಾತ್ರ ಮತ್ತೆ ಜಗಳ. ಅವಳ ಮುಖಕ್ಕೆ ದುಂಡಗಿನದು ಒಪ್ಪುತ್ತದೆ ಎಂದು ಅಣ್ಣ, ಅವಳು ಗೂಬೆಯ ಹಾಗೆ ಕಾಣುತ್ತಾಳೆ ಎಂದು ತಮ್ಮ. ಅವಳು ಕುರ್ಚಿಯಲ್ಲಿ ಕೂತು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದಳು. ಮನಸ್ಸು ತುಂಬಿ ಬಂತು. ಇಬ್ಬರಿಗೂ ಕೈಮುಗಿಯಬೇಕು ಅನ್ನಿಸಿತು. ಆದರೆ ಅವರು ಅವಳ ಕಡೆ ನೋಡುತ್ತಲೇ ಇರಲಿಲ್ಲ. ಕೊನೆಗೆ ಅವಳೇ ಎದ್ದು ತನಗೆ ಬೇಕಾದ ಕಂದು ಫ್ರೇಮು ತೆಗೆದು ಕೊಟ್ಟಳು. ಆ ಊರಿನಲ್ಲಿ ಚಿಕ್ಕಣ್ಣ ಮಾಡಿದ ಕೊನೆಯ ಕನ್ನಡಕ ಅದೇ.

ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಗಂಡ ಬಾಗಿಲು ತೆರೆದು, "ಯಾರ ಮನೆ ಬೇಕಿತ್ತು ಮೇಡಂ?" ಎಂದ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ನೇರ ಅಡುಗೆಮನೆಗೆ ಹೋದಳು. ಅತ್ತೆಯ ಹತ್ತಿರ, ತೀರಾ ಹತ್ತಿರ ಕೂತಳು.

"ಅತ್ತೆ, ನಿಮ್ಮ ಹುಬ್ಬಿನ ಹತ್ರ ಒಂದು ಸಣ್ಣ ಮಚ್ಚೆ ಇದೆಯಲ್ಲ!"

"ಹುಟ್ಟಿದಾಗಿಂದ ಇದೆ. ನಿಂಗೆ ಇವತ್ತು ಕಂಡ್ತಾ?"

ಅವಳು ಅತ್ತೆಯ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಹೇಳಬೇಕಾದದ್ದು ಬಹಳವಿತ್ತು, ಬಾಯಿಗೆ ಬಂದದ್ದು ಒಂದೇ.

"ಥ್ಯಾಂಕ್ಸ್ ಅತ್ತೆ."

"ಮಚ್ಚೆಗಾ?"

"ಹೂಂ, ಅದಕ್ಕೂ," ಎಂದಳು.